ಕೆಮ್ಮಣ್ಣಿನಡಿಯ ಕಪ್ಪು

ಕಣ್ಣಿನ ಡಾಕ್ಟರು ಬಾಯಿ ತೆರೆಯಿರಿ ಎಂದರೆ ನಮ್ಮ ಕಡೆಯ ಜನಕ್ಕೆ ಅನುಮಾನ ಬರುತ್ತದೆ. ‘ಕಣ್ಣು ತೋರ್ಸಾಕೆ ಬಂದೀವ್ರಿ, ಹಲ್ಲಲ್ಲ’ ಎಂದು ನನ್ನನ್ನೇ ತಿದ್ದಿದವರಿದ್ದಾರೆ. ನಾನೂ ಬಹಳ ವರ್ಷ ಯಾರ ಬಾಯನ್ನೂ ನೋಡಿದವಳಲ್ಲ. ಕೋವಿಡ್‌ನ ಎರಡನೇ ಅಲೆಯಲ್ಲಿ ಸಕ್ಕರೆ ಕಾಯಿಲೆಯವರ ಮುಖಕ್ಕೆ ಕಪ್ಪು ಶಿಲೀಂಧ್ರ ಹತ್ತಿದ್ದನ್ನು ಕಂಡ ಮೇಲೆ ಅದು ರೂಢಿಯಾಯಿತು. ಆಮೇಲೆ ಟಿವಿಯವರು ಅದನ್ನು ಮರೆತರು, ಜನರೂ ಮರೆತರು. ಶಿಲೀಂಧ್ರ ಮಾತ್ರ ಎಲ್ಲಿಗೂ ಹೋಗಲಿಲ್ಲ, ಅದು ಮೊದಲಿಂದಲೂ ಇಲ್ಲೇ ಇತ್ತು. ತಿಪ್ಪೆಯಲ್ಲಿ, ಮಣ್ಣಲ್ಲಿ, ಹಳಸಿದ ಬ್ರೆಡ್ಡಿನ ಮೇಲೆ. ನಾವೆಲ್ಲ ದಿನಾ ಅದನ್ನು ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಸಕ್ಕರೆ ಕೈಮೀರಿ ರಕ್ತ ಹುಳಿಯೇರಿದವರ ಮೂಗಿಗೆ ಹೊಕ್ಕರೆ ಮಾತ್ರ ಅದು ಬೇರು ಬಿಡುತ್ತದೆ. ರಕ್ತನಾಳಗಳನ್ನು ಮುಚ್ಚುತ್ತಾ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹೋಗುತ್ತದೆ. ಹೋದ ದಾರಿಯ ಮಾಂಸ ಸತ್ತು ಕಪ್ಪಾಗುತ್ತದೆ.

ನನ್ನ ಕ್ಲಿನಿಕ್ಕು ಇರುವುದು ಹರಿಹರದಲ್ಲಿ, ಹೊಳೆ ಕಡೆ ಹೋಗುವ ರಸ್ತೆಯಲ್ಲಿ. ಮನೆ ದಾವಣಗೆರೆಯ ವಿನೋಬನಗರದಲ್ಲಿ, ಒಂದು ಕಿರಾಣಿ ಅಂಗಡಿಯ ಮಹಡಿ ಮೇಲೆ. ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತೇನೆ, ಸಂಜೆ ಬಸ್ಸು ಹತ್ತಿ ಬರುತ್ತೇನೆ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡಿಸುವವರಿಲ್ಲ, ಕ್ಲಿನಿಕ್ಕಿನಲ್ಲಿ ಮಾತು ನಿಲ್ಲಿಸುವವರಿಲ್ಲ. ದಿನವಿಡೀ ಜನರ ಮುಖಕ್ಕೆ ಮುಖ ಕೊಟ್ಟು ಕೂರುವ ಕೆಲಸ ನನ್ನದು. ಒಂದು ಗೇಣಿನ ಅಂತರದಲ್ಲಿ ಇನ್ನೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇನೆ, ಆದರೆ ಅವರು ನೋಡುವುದು ನನ್ನ ಟಾರ್ಚನ್ನು. ಜೊತೆಗಿರುವುದು ಒಬ್ಬಳು ನರ್ಸು. ಅವಳು ಬಾಯಿ ಬಿಟ್ಟರೆ ಔಷಧಿಯ ಹೆಸರು ಮಾತ್ರ ಬರುತ್ತದೆ. ರೋಗದ ಬಗ್ಗೆ ಅನುಮಾನ ಬಂದರೆ ಗೋಡೆಯ ಮೇಲಿನ ಅಕ್ಷರಪಟವನ್ನೇ ಕೇಳಬೇಕು.

ಆ ದಿನ ಹನ್ನೊಂದರ ಹೊತ್ತಿಗೆ ಅಕ್ಕ-ತಮ್ಮ ಇಬ್ಬರು ಬಂದರು. ತಮ್ಮನಿಗೆ ನಲವತ್ತೈದರ ಸುಮಾರು ವಯಸ್ಸು. ಮುಖದ ಎಡ ಅರ್ಧಕ್ಕೆ, ಹಣೆಯಿಂದ ಕೆನ್ನೆಯವರೆಗೆ, ಕೆಮ್ಮಣ್ಣಿನ ದಪ್ಪ ಲೇಪ. ಒಣಗಿ ಬಿರುಕು ಬಿಟ್ಟಿತ್ತು. ಅದರ ಸುತ್ತ ಹೆಡೆ ಎತ್ತಿದ ಹಾವಿನ ಗೆರೆ. ಎಡಗಣ್ಣಿನ ರೆಪ್ಪೆ ಪೂರ್ತಿ ಇಳಿದು ಮುಚ್ಚಿತ್ತು. ಕೂರುವಾಗ ಕುರ್ಚಿಯ ಕೈ ತಡಕಿದ. ಅಕ್ಕ ಅರವತ್ತು ದಾಟಿದವಳು. ಕೈಯಲ್ಲಿ ಹಾಲಿನ ತಂಬಿಗೆ, ಹೂವು, ಬಾಳೆಹಣ್ಣಿನ ಚೀಲ ಹಿಡಿದಿದ್ದಳು.

‘ಸರ್ಪಸುತ್ತು ಆಗಿತ್ರಿ ಡಾಕ್ಟ್ರಮ್ಮ. ಈಗ ಇಳದೈತೆ’ ಎಂದಳು. ‘ಹದಡಿಯಿಂದ ಬಂದೀವಿ. ಹೊಳೆ ದಂಡಿ ನಾಗಪ್ಪಗೆ ಹಾಲೆರೆದು, ಅಲ್ಲೇ ಮುಖ ತೊಳಕಂಡು ಹೋಗಾಣ ಅಂತ. ಬಸ್ಸಿಳಿದು ಬರಾವಾಗ ಎಲ್ಡು ಸಲ ಮುಗ್ಗರಿಸಿದ. ನಿಮ್ಮ ಬೋರ್ಡು ಕಾಣ್ತು. ಒಂದು ಡ್ರಾಪ್ಸ್ ಹಾಕಿ ಕಳಸ್ರಿ.’

‘ಲೇಪ ಯಾರು ಹಾಕಿದ್ದು?’

‘ನಾನೇ ರೀ. ನಮ್ಮತ್ತೆ ಕಲಿಸಿದ್ದು. ಸುತ್ತ ಹತ್ತೂರಿಂದ ಬರ್ತಾರೆ. ಒಂದು ಪೈಸೆ ಮುಟ್ಟಂಗಿಲ್ಲ, ಮುಟ್ಟಿದ್ರೆ ಕೈಗುಣ ಹೋಗತೈತೆ.’

ಅವಳ ದನಿಯಲ್ಲಿ ಹೆಮ್ಮೆ ಇತ್ತು. ನನಗೆ ಒಳಗೇ ಸಿಟ್ಟು ಬಂತು. ಸಿಟ್ಟು ನನಗೆ ಬಹಳ ಬೇಗ ಬರುತ್ತದೆ, ಅದು ಹೇಳಿದಂತೆ ನಡೆಯುವುದನ್ನು ಮಾತ್ರ ಬಿಟ್ಟಿದ್ದೇನೆ. ಟಾರ್ಚು ಎತ್ತಿಕೊಂಡೆ.

ರೆಪ್ಪೆ ಎತ್ತಿ ನೋಡಿದರೆ ಕಣ್ಣುಗುಡ್ಡೆ ಮುಂದಕ್ಕೆ ತಳ್ಳಿಕೊಂಡಿತ್ತು. ಬಿಳಿಭಾಗ ಬಾತು ಕೆಂಪಾಗಿತ್ತು. ಮೇಲೆ ನೋಡು, ಕೆಳಗೆ ನೋಡು, ಬಲಕ್ಕೆ, ಎಡಕ್ಕೆ ಎಂದೆ. ಬಲಗಣ್ಣು ನಾನು ಹೇಳಿದಲ್ಲೆಲ್ಲ ಹೋಯಿತು, ಎಡಗಣ್ಣು ಇದ್ದಲ್ಲೇ ಇತ್ತು. ಬೆಳಕನ್ನು ಬಲಗಣ್ಣಿಗೆ ಹಿಡಿದು ಥಟ್ಟನೆ ಎಡಕ್ಕೆ ತಂದರೆ ಎಡಗಣ್ಣಿನ ಪಾಪೆ ಕುಗ್ಗುವ ಬದಲು ಹಿಗ್ಗಿತು. ಎಂದರೆ ಒಳಗಿನ ನರ ಸೋಲುತ್ತಿದೆ. ಬೆರಳು ಎಣಿಸಲು ಅವನಿಗೆ ಆಗಲಿಲ್ಲ. ಟಾರ್ಚು ಯಾವ ಕಡೆ ಇದೆ ಎಂದು ಮಾತ್ರ ಹೇಳಿದ.

ಹತ್ತಿಯ ಚೂರನ್ನು ಹೊಸೆದು ಎಳೆ ಮಾಡಿ ಬಲಗಣ್ಣಿನ ಕರಿಗುಡ್ಡೆಗೆ ಸೋಕಿಸಿದೆ. ಫಕ್ಕನೆ ರೆಪ್ಪೆ ಬಡಿದ. ಎಡಗಣ್ಣಿಗೆ ಸೋಕಿಸಿದೆ. ಏನೂ ಇಲ್ಲ. ಎಡಗಡೆಯ ಮೇಲ್ದುಟಿಗೆ ಸೋಕಿಸಿದೆ. ಅದೂ ಗೊತ್ತಾಗಲಿಲ್ಲ.

‘ಉರಿ ಇಲ್ಲವಾ?’ ಎಂದು ಕೇಳಿದೆ.

‘ಇಲ್ರಿ. ಮೊನ್ನೆ ಮಟ ಜೀವ ಹೋಗಂಗೆ ಸುಡತಿತ್ತು’ ಎಂದ ತಮ್ಮ. ಮಾತಿನ ನಡುವೆ ಉಸಿರು ಆಳವಾಗಿ, ದೀರ್ಘವಾಗಿ ಎಳೆದುಕೊಳ್ಳುತ್ತಿದ್ದ. ‘ಅಕ್ಕ ಹಾವು ಬರದ ಮ್ಯಾಗೆ ತಂಪಾತು.’

‘ಈಗ ಮುಟ್ಟಿದ್ರೂ ಗೊತ್ತಾಗಲ್ಲ ಅಂತಾನ್ರಿ’ ಎಂದು ಅಕ್ಕ ನಕ್ಕಳು. ‘ಅಷ್ಟು ಗುಣ ಆಗೈತೆ.’

ಆ ನಗುವನ್ನು ನಾನು ಮರೆತಿಲ್ಲ. ಉರಿ ನಿಂತದ್ದನ್ನು ಅವಳು ಗುಣ ಎಂದು ತಿಳಿದಿದ್ದಳು, ಅವಳ ಲೆಕ್ಕದಲ್ಲಿ ಅದು ಸರಿಯೂ ಹೌದು. ಸರ್ಪಸುತ್ತಿನಲ್ಲಿ ಉರಿ ಇಳಿದರೆ ರೋಗ ಇಳಿದಂತೆಯೇ. ಆದರೆ ನೋವಿದ್ದ ಮುಖ ಒಮ್ಮೆಲೇ ಮರಗಟ್ಟಿದರೆ ನರ ಸತ್ತಿರುತ್ತದೆ. ಆ ಕೋಣೆಯಲ್ಲಿ ಸಂತೋಷವಾಗಿದ್ದವರು ಇಬ್ಬರು, ವಿಷಯ ಗೊತ್ತಿದ್ದವಳು ನಾನೊಬ್ಬಳೇ.

ಹಾಗಂತ ಅನುಮಾನವನ್ನೇ ತೀರ್ಪು ಮಾಡುವಂತಿಲ್ಲ. ನಿಜವಾದ ಸರ್ಪಸುತ್ತು ಹಣೆಗೆ ಬಂದಾಗಲೂ ಕಣ್ಣಿನ ಸ್ಪರ್ಶ ಕುಂದುತ್ತದೆ, ರೆಪ್ಪೆ ಬಾಯುತ್ತದೆ. ಅದಾದರೆ ಚರ್ಮದ ಮೇಲೆ ಗುಳ್ಳೆಗಳ ಗುರುತು ಇರಲೇಬೇಕು. ಶಿಲೀಂಧ್ರವಾದರೆ ಕಪ್ಪು ಇರಬೇಕು. ಎರಡನ್ನೂ ನೋಡಬೇಕಾದ ಜಾಗವನ್ನು ಕೆಮ್ಮಣ್ಣು ಮುಚ್ಚಿತ್ತು.

‘ಇದನ್ನ ಈಗಲೇ ತೊಳೀಬೇಕು’ ಎಂದೆ.

ತಮ್ಮ ಮುಖ ಹಿಂದಕ್ಕೆಳೆದುಕೊಂಡ. ಅಕ್ಕ ಅಡ್ಡ ಬಂದು ನಿಂತಳು. ‘ಬ್ಯಾಡ್ರಿ! ಹಾಲೆರೆಯಾ ಮುಂಚೆ ನೀರು ಸೋಕಿದ್ರೆ ಹಾವು ತಿರುಗತೈತೆ. ತಲೆ ಬಾಲ ಕೂಡಿದ್ರೆ ಮನುಷ್ಯ ಉಳಿಯಲ್ಲ. ಒಂದು ತಾಸು ತಡೀರಿ, ಹೊಳ್ಯಾಗೆ ತೊಳದು ಕರಕಂಡು ಬರ್ತೀನಿ.’

ಅವರು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಲೆರೆದರೆ ಕೆಲಸ ಮುಗಿಯಿತು, ಮುಂದಿನ ಬಸ್ಸಿಗೆ ಹದಡಿ. ನಾಳೆ ಅವನಿಗೆ ಜ್ವರ ಬಂದು ಮಂಪರು ಹತ್ತುತ್ತದೆ, ನಾಡಿದ್ದು ಯಾರೂ ಏನೂ ಮಾಡುವಂತಿರುವುದಿಲ್ಲ. ಕೂಗಾಡಿದರೆ ಈಗಲೇ ಎದ್ದು ಹೋಗುತ್ತಾರೆ. ನರ್ಸಿನ ಕಡೆ ನೋಡಿದೆ. ಅವಳು ಕೈ ತೊಳೆಯಲು ನಲ್ಲಿ ತಿರುಗಿಸಿದ್ದಳು.

‘ಅಮ್ಮಾ, ಈ ನಲ್ಲೀಲಿ ಬರೋದು ಎಲ್ಲಿ ನೀರು ಗೊತ್ತಾ?’ ಎಂದೆ. ‘ತುಂಗಭದ್ರೆದೇ. ಹರಿಹರದೋರು ಕುಡಿಯೋದೂ ಹೊಳೆ ನೀರು, ಪಾತ್ರೆ ತೊಳೆಯೋದೂ ಹೊಳೆ ನೀರು. ಹಾಲು ನಿಮ್ಮ ಕೈಲೇ ಐತೆ. ನಾಗಪ್ಪನ್ನ ನೆನೆಸಿಕೊಂಡು ಇಲ್ಲೇ ಎರೀರಿ. ಬರೆದೋರು ನೀವು, ನೀವೇ ತೊಳೀರಿ. ನಾನು ಮುಟ್ಟಲ್ಲ.’

ಅವಳು ನಲ್ಲಿಯನ್ನೇ ನೋಡಿದಳು. ತಮ್ಮ ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದ. ಅವನ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಇತ್ತು. ಅದು ಅವಳಿಗೂ ಬಡಿದಿರಬೇಕು. ‘ಹೊಳೆ ನೀರೇನಾ?’ ಎಂದು ನರ್ಸನ್ನು ಕೇಳಿದಳು. ‘ಹೂನ್ರಿ, ಹೊಳೇದೇ’ ಎಂದಳು ನರ್ಸು. ಔಷಧಿ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

ಕೈತೊಳೆಯುವ ಬೋಗುಣಿಯಲ್ಲಿ ಒಂದು ಗುಟುಕು ಹಾಲು ಎರೆದು, ತುಟಿಯಲ್ಲೇ ಏನೋ ಅಂದುಕೊಂಡು, ಅಕ್ಕ ನೀರು ಹಿಡಿದು ತಮ್ಮನ ಮುಖ ತೊಳೆಯತೊಡಗಿದಳು. ಕೆಂಪು ನೀರು ಅವಳ ಮೊಣಕೈಯಿಂದ ಇಳಿಯಿತು. ಹಾವಿನ ಗೆರೆ ಹೋಯಿತು, ಹಣೆ ಕಂಡಿತು, ಕೆನ್ನೆ ಕಂಡಿತು. ಚರ್ಮ ಬಿಗಿದು ನೇರಳೆ ಬಣ್ಣಕ್ಕೆ ತಿರುಗಿತ್ತು. ಎಲ್ಲೂ ಒಂದು ಗುಳ್ಳೆ ಇಲ್ಲ, ಗುಳ್ಳೆ ಒಣಗಿದ ಕಲೆಯೂ ಇಲ್ಲ. ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕಪ್ಪು ಇತ್ತು. ಅವಳು ಅದನ್ನು ಕೊಳೆ ಎಂದುಕೊಂಡು ಉಜ್ಜಿದಳು. ಮತ್ತೆ ನೀರು ತಗೊಂಡು ಉಜ್ಜಿದಳು.

‘ಇದು ಹೋಗವಲ್ದು ರೀ’ ಎಂದಳು.

‘ಮೊದಲ ದಿನ ಗುಳ್ಳೆ ಇತ್ತಾ?’

‘ಕೆಂಪಗೆ ಬಾತಿತ್ತು. ಗುಳ್ಳೆ ಎದ್ದಿರಲಿಲ್ಲ. ಬಿರೀನ ಬರದ್ರೆ ಏಳಂಗೇ ಇಲ್ಲಲ್ರಿ...’ ಎಂದವಳು ಕಪ್ಪಿನ ಮೇಲಿದ್ದ ಬೆರಳು ತೆಗೆದಳು.

ಬಾಯಿ ತೆರೆಸಿದೆ. ಅಂಗುಳದ ಎಡ ಅರ್ಧ ಕಪ್ಪು, ಬಲ ಅರ್ಧ ಗುಲಾಬಿ. ನಡುವೆ ಗೀಟು ಎಳೆದ ಹಾಗೆ. ಮೂಗಿನ ಎಡ ಹೊಳ್ಳೆಯಲ್ಲಿ ಕಪ್ಪು ಹೆಕ್ಕಳೆ. ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರೆ ಗ್ಲುಕೋಮೀಟರು ಅಂಕಿ ತೋರಿಸುವುದನ್ನೇ ಬಿಟ್ಟು, ಬಹಳ ಜಾಸ್ತಿ ಎಂಬ ಅಕ್ಷರ ತೋರಿಸಿತು.

‘ಇನ್ಸುಲಿನ್ ತಗೊಳ್ತಾ ಇದ್ದೀಯಾ?’

ಉತ್ತರ ಕೊಟ್ಟವಳು ಅಕ್ಕ. ‘ಲೇಪ ಇರಾ ಮಟ ಮೈಗೆ ಸೂಜಿ ತಾಕಬಾರ್ದು ರೀ. ಪಥ್ಯ. ನಾನೇ ಬ್ಯಾಡ ಅಂದಿದ್ದೆ.’

ಮೂಗಿನ ಹೆಕ್ಕಳೆಯ ಚೂರನ್ನು ಗಾಜಿನ ಮೇಲಿಟ್ಟು ಪೊಟ್ಯಾಷ್ ದ್ರಾವಣದ ಹನಿ ಹಾಕಿದೆ. ನಮ್ಮ ಭಾಗದಲ್ಲಿ ಮೆಕ್ಕೆಜೋಳದ ಗರಿ, ಭತ್ತದ ಸುಂಕು ಬಡಿದು ಕರಿಗುಡ್ಡೆಗೆ ಶಿಲೀಂಧ್ರ ಹತ್ತಿಸಿಕೊಂಡು ಬರುವ ರೈತರು ಬಹಳ. ಅವರಿಗಾಗಿ ಒಂದು ಹಳೆಯ ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದೇನೆ. ಹೊಲದ ಶಿಲೀಂಧ್ರ ನನಗೆ ಪರಿಚಯ. ಅದು ತೆಳ್ಳಗೆ, ಗೆಣ್ಣುಗೆಣ್ಣಾಗಿ, ಕಿರಿದಾದ ಕೋನದಲ್ಲಿ ಕವಲೊಡೆಯುತ್ತದೆ. ಇಲ್ಲಿ ಕಂಡದ್ದು ಅಗಲವಾದ, ಗೆಣ್ಣಿಲ್ಲದ, ಒದ್ದೆ ರಿಬ್ಬನ್ನಿನ ಹಾಗೆ ಮಡಿಚಿಕೊಂಡ ಎಳೆಗಳು. ಕವಲುಗಳು ಹೆಚ್ಚುಕಡಿಮೆ ಲಂಬವಾಗಿ ಒಡೆದಿದ್ದವು. ಇನ್ನು ಅನುಮಾನಕ್ಕೆ ಜಾಗ ಇರಲಿಲ್ಲ.

ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಫೋನು ಮಾಡಿದೆ. ನಾನು ಅಲ್ಲಿ ಆಗಾಗ ಶಸ್ತ್ರಚಿಕಿತ್ಸೆ ಮಾಡುವುದರಿಂದ ಮುಖಪರಿಚಯ ಇತ್ತು. ಮೂಗು-ಗಂಟಲಿನ ಸರ್ಜನ್ ಆಪರೇಷನ್ನಿನಲ್ಲಿದ್ದರು. ಫೋನೆತ್ತಿದ ಕಿರಿಯ ಡಾಕ್ಟರು ‘ನಾಳೆ ಓಪಿಡಿಗೆ ಕಳ್ಸಿ ಮೇಡಂ’ ಎಂದ. ಅಷ್ಟು ಹೊತ್ತು ತಡೆದಿಟ್ಟುಕೊಂಡ ಸಿಟ್ಟೆಲ್ಲ ಪಾಪ ಅವನ ಪಾಲಿಗೆ ಬಂತು. ನಾಳೆ ಬೇಕಾಗುವುದು ಓಪಿಡಿಯಲ್ಲ, ಶವಾಗಾರ ಎಂದುಬಿಟ್ಟೆ. ಅವನು ಹಾಸಿಗೆ ಕೊಡಿಸಿದ. ಕಳಿಸಿದರೆ ದಾರಿಯಲ್ಲಿ ಇವರು ಇಳಿದುಹೋಗಬಹುದು ಎಂಬ ಭಯ ನನಗೆ. ಸಲೈನ್ ಹಚ್ಚಿಸಿ, ಕ್ಲಿನಿಕ್ಕಿಗೆ ಬೀಗ ಹಾಕಿಸಿ ಆಂಬುಲೆನ್ಸಿನಲ್ಲಿ ನಾನೂ ಕೂತೆ. ಹೊರಗೆ ಕಾಯುತ್ತಿದ್ದವರೊಬ್ಬರು ‘ನಮ್ಮ ಕನ್ನಡಕದ ನಂಬರಿನ ಕತಿ ಏನ್ರಿ?’ ಎಂದು ಕೂಗಿದರು.

ದಾರಿಯಲ್ಲಿ ತಮ್ಮ ಒಂದೇ ಒಂದು ಮಾತು ಕೇಳಿದ. ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಅವನು ಲೇಥ್ ಯಂತ್ರ ನಡೆಸುತ್ತಿದ್ದ. ಹೆಂಡತಿ ಸತ್ತ ಮೇಲೆ ಅಕ್ಕನ ಮನೆಯಲ್ಲೇ ಇದ್ದ.

‘ಲೇಥಿನ ಮ್ಯಾಗೆ ಕೆಲಸ ಮಾಡಾಕೆ ಎಲ್ಡೂ ಕಣ್ಣು ಬೇಕ್ರಿ. ಉಳೀತದಾ?’

ನೋಡೋಣ ಎಂದೆ. ಡಾಕ್ಟರುಗಳು ನೋಡೋಣ ಎಂದರೆ ಏನರ್ಥ ಎಂದು ರೋಗಿಗಳಿಗೆ ಈಗ ಗೊತ್ತಾಗಿಬಿಟ್ಟಿದೆ.

ಅವತ್ತೇ ಇನ್ಸುಲಿನ್ ಶುರುವಾಯಿತು. ಸ್ಕ್ಯಾನಿನಲ್ಲಿ ಎಡಗಡೆಯ ಸೈನಸ್ಸುಗಳೆಲ್ಲ ತುಂಬಿದ್ದವು, ಶಿಲೀಂಧ್ರ ಕಣ್ಣಿನ ಗೂಡಿನ ಒಳಗೋಡೆ ದಾಟಿತ್ತು, ಮಿದುಳಿಗೆ ಇನ್ನೂ ಮುಟ್ಟಿರಲಿಲ್ಲ. ರಕ್ತದ ಹುಳಿ ಇಳಿದ ಕೂಡಲೇ ಮೂಗಿನ ಸರ್ಜನ್ ಮೂಗಿನೊಳಗೆ ದುರ್ಬೀನು ಕೊಳವೆ ಹಾಕಿ ಸತ್ತ ಭಾಗವನ್ನೆಲ್ಲ ಕೆರೆದು ತೆಗೆದರು. ಅವರು ಮಾತು ಕಡಿಮೆಯ, ಗೊಣಗಾಟ ಜಾಸ್ತಿಯ ಮನುಷ್ಯ. ಹೊರಬಂದು, ‘ನನ್ನ ಕಡೇದು ತೆಗೆದಿದ್ದೀನಿ. ನಿಮ್ಮ ಕಡೇದು ನಿಮಗೆ ಬಿಟ್ಟಿದ್ದು’ ಎಂದರು.

ಶಿಲೀಂಧ್ರಕ್ಕೆ ಕೊಡುವ ಔಷಧಿಯಲ್ಲಿ ಎರಡು ಬಗೆ. ಮೂತ್ರಪಿಂಡಕ್ಕೆ ಮೆತ್ತಗಿರುವ ಬಗೆ ಊರಲ್ಲಿ ಸಿಗಲಿಲ್ಲ, ಬೆಂಗಳೂರಿಂದ ಬರಬೇಕಿತ್ತು. ಬರುವ ತನಕ ಹಳೆಯ, ಒರಟಾದ ಬಗೆಯನ್ನೇ ಕೊಟ್ಟೆವು. ಅದು ರಕ್ತಕ್ಕೆ ಇಳಿಯುತ್ತಿದ್ದಂತೆ ಅವನಿಗೆ ಮಂಚ ಅಲುಗಾಡುವಂಥ ಚಳಿ. ಮೂತ್ರಪಿಂಡ ಸೋಲುವ ಸೂಚನೆ ಮರುದಿನದಿಂದಲೇ ಕಂಡಿತು. ಕೊಡದಿದ್ದರೆ ಶಿಲೀಂಧ್ರ ಕೊಲ್ಲುತ್ತದೆ, ಕೊಟ್ಟರೆ ಔಷಧಿ. ಇದರ ನಡುವೆ ನಾನು ಅದೇ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಸೂಜಿಯಿಂದ ಕಣ್ಣುಗುಡ್ಡೆಯ ಹಿಂದಕ್ಕೆ ಬಿಡುತ್ತಿದ್ದೆ. ಕೆಲವರಿಗೆ ಅದರಿಂದ ಕಣ್ಣು ಉಳಿದದ್ದುಂಟು. ಇವನಿಗೆ ಇನ್ನೂ ಬೆಳಕು ತಿಳಿಯುತ್ತಿತ್ತು. ಆ ಒಂದು ಎಳೆ ಹಿಡಿದುಕೊಂಡು ನಾನು ನಿಂತಿದ್ದೆ.

ಹರಿಹರಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ವಾರ್ಡಿಗೆ ಹೋಗುತ್ತಿದ್ದೆ. ಹತ್ತಿಯ ಎಳೆಯನ್ನು ಮುಖದ ಮೇಲೆ ಆಡಿಸುತ್ತಾ ಸ್ಪರ್ಶ ಎಲ್ಲಿಂದ ತಿಳಿಯುವುದಿಲ್ಲವೋ ಅಲ್ಲಿ ನೇರಳೆ ಶಾಯಿಯ ಪೆನ್ನಿನಿಂದ ಗುರುತು ಹಾಕುತ್ತಿದ್ದೆ. ಚರ್ಮ ಕಪ್ಪಾಗುವುದು ತಡವಾಗಿ, ಮರಗಟ್ಟುವುದು ಮೊದಲು. ಹೀಗಾಗಿ ಶಿಲೀಂಧ್ರ ಎಲ್ಲಿಯವರೆಗೆ ಬಂದಿದೆ ಎಂದು ಚರ್ಮಕ್ಕಿಂತ ಮೊದಲು ಹತ್ತಿ ಹೇಳುತ್ತದೆ. ಸ್ಕ್ಯಾನನ್ನು ದಿನಾ ಮಾಡಲಾಗುವುದಿಲ್ಲ, ಹತ್ತಿಯನ್ನು ದಿನಾ ಸೋಕಿಸಬಹುದು. ಹುಬ್ಬಿನ ಕೆಳಗೆ, ಕೆನ್ನೆಯ ಹೊರಗೆ, ತುಟಿಯ ಮೇಲೆ ನನ್ನ ಗೆರೆ ಸುತ್ತಿಕೊಂಡಿತು.

ಅಕ್ಕ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿರುತ್ತಿದ್ದಳು. ಒಂದು ಸಂಜೆ ಎದ್ದು ಬಂದು ನನ್ನ ಗೆರೆಯನ್ನು ಬಹಳ ಹೊತ್ತು ನೋಡಿದಳು.

‘ನೀವೂ ಬರೀತೀರಲ್ರಿ’ ಎಂದಳು.

ಚುಚ್ಚುಮಾತಲ್ಲ, ನಿಜವಾಗಿ ಆಶ್ಚರ್ಯಪಟ್ಟಿದ್ದಳು. ‘ನಾನು ಬರದಿದ್ದನ್ನ ಹಾವು ದಾಟಬಾರ್ದು. ನಿಮ್ಮದು ಹೆಂಗೆ?’

‘ನಂದೂ ಅಷ್ಟೇ ಅಮ್ಮ. ದಾಟಬಾರದು.’

ಮರುದಿನ ಬೆಳಿಗ್ಗೆ ದಾಟಿತ್ತು. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಹಣೆ ಮರಗಟ್ಟಿತ್ತು. ಟಾರ್ಚನ್ನು ಎಡಗಣ್ಣಿಗೆ ಹಿಡಿದು ‘ಬೆಳಕು?’ ಎಂದೆ. ‘ಹಚ್ರಿ, ಹೇಳ್ತೀನಿ’ ಎಂದ ತಮ್ಮ. ಹಚ್ಚಿಯೇ ಹಿಡಿದಿದ್ದೆ.

ಇನ್ನೊಂದು ಸ್ಕ್ಯಾನು ಮಾಡಿಸಿದೆವು. ಕಣ್ಣಿನ ಗೂಡಿನ ತುದಿಯವರೆಗೆ ಬಂದಿತ್ತು. ಅದರಾಚೆ ಮಿದುಳು. ಮೂಗಿನ ಸರ್ಜನ್ ‘ಕಣ್ಣು ತೆಗೀರಿ, ಇವತ್ತೇ’ ಎಂದರು. ಫಿಜಿಷಿಯನ್ ‘ಈ ಮೂತ್ರಪಿಂಡ ಇಟ್ಟುಕೊಂಡು ಅನಸ್ತೇಷಿಯಾ ತಡೆಯುತ್ತಾನೋ ಇಲ್ಲವೋ, ಎರಡು ದಿನ ಕಾಯಿರಿ’ ಎಂದರು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ತೆಗೆಯುವುದೆಂದರೆ ಗುಡ್ಡೆ ಒಂದನ್ನೇ ಅಲ್ಲ. ರೆಪ್ಪೆ, ಕೊಬ್ಬು, ಸ್ನಾಯು, ನರ ಎಲ್ಲವನ್ನೂ ತೆಗೆದು ಎಲುಬಿನ ಗೂಡು ಖಾಲಿ ಮಾಡಬೇಕು. ಕಲಿಯುವಾಗ ಗುರುಗಳ ಜೊತೆ ಮಾಡಿದ್ದೆ. ಒಬ್ಬಳೇ ಮಾಡಿರಲಿಲ್ಲ. ಇದರಲ್ಲೇ ಪಳಗಿದ ಗೆಳತಿಯೊಬ್ಬಳು ಬೆಂಗಳೂರಿನಲ್ಲಿದ್ದಾಳೆ. ಅವಳಿಗೆ ಚಿತ್ರಗಳನ್ನು ಕಳಿಸಿ ಫೋನು ಮಾಡಿದೆ. ಕಳಿಸಿಕೊಡಲಾ ಎಂದು ಕೇಳಿದೆ.

‘ಆ ದಾರಿ ಅವನು ತಡೆಯಲ್ಲ’ ಎಂದಳು. ‘ನಾನಲ್ಲಿದ್ದರೆ ತೆಗೀತಿದ್ದೆ ಅನ್ಸುತ್ತೆ. ಆದ್ರೆ ನಾನಲ್ಲಿಲ್ಲ ಕಣೇ. ದಿನಾ ಮುಟ್ಟಿ ನೋಡ್ತಿರೋಳು ನೀನು.’

ಫೋನು ಇಟ್ಟು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾ ಮುಂದಿಟ್ಟುಕೊಂಡು ಕೂತೆ. ಸುತ್ತ ಜನವೋ ಜನ. ಅಷ್ಟು ಒಂಟಿ ಅನ್ನಿಸಿದ್ದು ಅವ್ವನ ಮಣ್ಣು ಮುಗಿಸಿ ಮನೆಗೆ ಬಂದ ದಿನ ಬಿಟ್ಟರೆ ಅವತ್ತೇ. ಕಣ್ಣು ಉಳಿಸುವುದನ್ನು ಕಲಿತವಳು ನಾನು. ಕಾಯೋಣ ಎಂದು ನನ್ನೊಳಗೆ ಹೇಳುತ್ತಿದ್ದದ್ದು ವಿದ್ಯೆಯಲ್ಲ, ಹಿಂಜರಿಕೆ ಎಂದು ಗೊತ್ತಿತ್ತು. ನಿನ್ನೆಯ ಗೆರೆ ದಾಟಿದೆ, ಕಾದರೆ ನಾಳೆಯ ಗೆರೆ ಹಾಕಲು ಹಣೆಯೇ ಸಾಲದು. ಚಹಾ ಕುಡಿಯದೆ ಎದ್ದು ವಾರ್ಡಿಗೆ ಹೋದೆ.

ತಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಣ್ಣು ಹೋಗಿದೆ, ಈಗಿರುವುದು ಜೀವದ ಪ್ರಶ್ನೆ, ತೆಗೆದರೂ ಉಳಿಯುತ್ತೀ ಎಂದು ನಾನು ಮಾತು ಕೊಡಲಾರೆ. ಅವನು ಛಾವಣಿ ನೋಡುತ್ತಾ ಮಲಗಿದ್ದ. ಅಕ್ಕ ಅವನ ಪಾದ ಹಿಡಿದುಕೊಂಡಿದ್ದಳು.

‘ಅಕ್ಕಾ, ಏನಂತೀಯ?’ ಎಂದ.

‘ತೆಗೀಲಿ ಬಿಡಪ್ಪ’ ಎಂದಳು. ‘ನೀನಿರು. ನಾನೊಬ್ಬಾಕೆ ಆ ಮನ್ಯಾಗೆ ಹೆಂಗಿರ್ಲಿ?’

ಆಪರೇಷನ್ನಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೇರೆ ಆಪರೇಷನ್ನುಗಳಲ್ಲಿ ರಕ್ತ ಕಂಡರೆ ಬೇಸರ, ಇದರಲ್ಲಿ ರಕ್ತ ಕಂಡರೆ ಸಮಾಧಾನ. ಸತ್ತ ಮಾಂಸ ಕೊಯ್ದರೆ ರಕ್ತ ಬರುವುದಿಲ್ಲ. ಬರುವ ತನಕ ಕೊಯ್ಯುತ್ತಾ ಹೋಗಬೇಕು. ಒಳಮೂಲೆಯಿಂದ ಆರಂಭಿಸಿ ಎಲುಬಿನ ಗುಂಟ ಹಿಂದಕ್ಕೆ ಹೋದೆ. ಒಣ, ಬೂದುಬಣ್ಣ, ಮತ್ತೆ ಒಣ. ಎದುರಿಗೆ ನಿಂತ ಮೂಗಿನ ಸರ್ಜನ್ ಗೊಣಗುವುದನ್ನೂ ನಿಲ್ಲಿಸಿದ್ದರು. ತುದಿಗೆ ಇನ್ನೇನು ಜಾಗವಿಲ್ಲ ಎನ್ನುವಲ್ಲಿ ಕತ್ತರಿಯ ಅಂಚಿಗೆ ಕೆಂಪು ಕಾಣಿಸಿಕೊಂಡಿತು, ತುಂಬಿಕೊಂಡಿತು, ಹರಿಯಿತು. ‘ಬಂತು’ ಎಂದರು ಅವರು. ನನ್ನ ಕನ್ನಡಕ ಮಬ್ಬಾಯಿತು. ನರ್ಸು ಒರೆಸಿದಳು, ಬೆವರು ಎಂದು ತಿಳಿದಿರಬೇಕು.

ಅವನು ಉಳಿದ. ಬೆಂಗಳೂರಿಂದ ಮೆತ್ತಗಿನ ಔಷಧಿ ಬಂತು, ಮೂತ್ರಪಿಂಡ ನಿಧಾನವಾಗಿ ಚೇತರಿಸಿತು, ನನ್ನ ನೇರಳೆ ಗೆರೆ ಹಣೆಯ ಮೇಲೆ ಅಲ್ಲಿಗೇ ನಿಂತಿತು. ವಾರಗಟ್ಟಲೆ ವಾರ್ಡಿನಲ್ಲಿದ್ದು, ಮಾತ್ರೆಗೆ ಬದಲಾಯಿಸಿಕೊಂಡು, ದಿನಾ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ರೂಢಿಸಿಕೊಂಡು ಮನೆಗೆ ಹೊರಟ. ಹೊರಡುವ ದಿನ ಅಕ್ಕ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದಳು.

‘ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡಕಾಬ್ಯಾಡ್ರಿ. ನಾನು ಬರೀದಂಗೆ ಮೊದಲ ದಿನಾನೇ ನಿಮ್ಮ ಹತ್ರ ಕರಕಂಡು ಬಂದಿದ್ರೆ ಕಣ್ಣು ಉಳೀತಿತ್ತಾ?’

ಇಲ್ಲ ಎನ್ನಬಹುದಿತ್ತು. ಹೇಳಲು ಎಷ್ಟು ಸುಲಭದ ಸುಳ್ಳು. ಆದರೆ ಅವಳ ಅಂಗಳಕ್ಕೆ ಹತ್ತೂರಿನ ಮುಖಗಳು ಬರುತ್ತವೆ.

‘ಉಳೀಬಹುದಿತ್ತು’ ಎಂದೆ. ‘ಖಾತ್ರಿ ಹೇಳೋಕಾಗಲ್ಲ.’

ಅವಳು ತಲೆ ಆಡಿಸಿ, ಸೆರಗು ಹೊದ್ದು, ತಮ್ಮನ ಕೈ ಹಿಡಿದು ಮೆಟ್ಟಿಲಿಳಿದಳು.

ಕೆಲವು ತಿಂಗಳಾದ ಮೇಲೆ ತಮ್ಮ ತಪಾಸಣೆಗೆ ಬಂದ. ಎಡಗಣ್ಣಿದ್ದಲ್ಲಿ ಕಪ್ಪು ಬಟ್ಟೆಯ ಪಟ್ಟಿ. ಗೂಡು ಚೆನ್ನಾಗಿ ಒಣಗಿತ್ತು. ಶೆಡ್ಡಿನವರು ಅವನನ್ನು ಲೇಥಿನಿಂದ ತೆಗೆದು, ತಯಾರಾದ ಭಾಗಗಳ ಅಳತೆ ನೋಡುವ ಕೆಲಸಕ್ಕೆ ಹಾಕಿದ್ದರು.

‘ಅಳತೆ ನೋಡಾವಾಗ ಹೆಂಗೂ ಒಂದು ಕಣ್ಣು ಮುಚ್ಚತಿದ್ದೆ ರೀ. ಈಗ ಮುಚ್ಚಾ ಕೆಲಸ ಉಳೀತು’ ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿದ. ‘ಅಕ್ಕಂದೇ ಚಿಂತಿ. ಬರಿಯಾದು ಬಿಟ್ಲು. ಬಂದೋರ್ನ ಬಾಗ್ಲಾಗಿಂದ್ಲೇ ಕಳಸಿಬಿಡತಾಳೆ. ಈಗ ಯಾರೂ ಬರಲ್ಲ. ಮೊದಲು ನಮ್ಮ ಮನಿ ಕಟ್ಟಿ ಮ್ಯಾಗೆ ಕೂಡಾಕೆ ಜಾಗ ಇರತಿರಲಿಲ್ಲ. ಈಗ ಒಬ್ಬಳೇ ಕುಂತಿರ್ತಾಳೆ. ಮಾತಿಲ್ಲ, ಕತಿಯಿಲ್ಲ.’

ಆ ವಾರವೆಲ್ಲ ಅದು ನನ್ನ ತಲೆಯಲ್ಲಿ ಕೂತಿತು. ಬಾಗಿಲಿಂದ ಕಳಿಸಿದವರು ನನ್ನ ಹತ್ತಿರ ಬರುತ್ತಿದ್ದಾರೆಯೇ ಎಂದರೆ, ಇಲ್ಲ. ಎಲ್ಲಿಗೋ ಹೋಗುತ್ತಿದ್ದಾರೆ, ಬಹುಶಃ ಇನ್ನೊಬ್ಬರ ಕೆಮ್ಮಣ್ಣಿಗೆ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಭಾನುವಾರ ಹೇಗಿದ್ದರೂ ನನಗೆ ಮಾಡಲು ಕೆಲಸವಿಲ್ಲ, ಬಟ್ಟೆ ಒಗೆದು ಗೋಡೆ ನೋಡುವುದಷ್ಟೇ. ಹದಡಿಯ ಬಸ್ಸು ಹತ್ತಿದೆ.

ಅವಳು ಕಟ್ಟೆಯ ಮೇಲೆ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದಳು. ‘ತಮ್ಮಗೆ ಏನಾರಾ ಆತೇನ್ರಿ?’

‘ಏನಿಲ್ಲ. ನಿಮ್ಮನ್ನ ನೋಡೋಕೆ ಬಂದೆ.’

‘ನನ್ನ?’ ಎಂದಳು. ‘ಕೂಡ್ರಿ’ ಎಂದು ಚಾಪೆ ಹಾಸಿದಳು. ಚಹಾ ತಂದಳು. ಇಬ್ಬರೂ ಕುಡಿದೆವು.

‘ಬರೀರಿ ಅಂತ ಹೇಳಾಕೆ ಬಂದಿಲ್ಲ’ ಎಂದೆ. ‘ಆದ್ರೆ ಬಂದೋರನ್ನ ನೋಡೋದನ್ನ ಬಿಡಬ್ಯಾಡ್ರಿ. ನನ್ನ ಹತ್ರ ಅವರು ಮೊದಲು ಬರಲ್ಲ, ನಿಮ್ಮ ಹತ್ರ ಬರ್ತಾರೆ. ಮುಖ ಒಂದು ಕಡೆ ಬಾತಿದ್ರೆ ಸಕ್ಕರೆ ಕಾಯಿಲೆ ಐತಾ ಕೇಳ್ರಿ. ಸೂಜಿ, ಮಾತ್ರೆ ಬಿಡಿಸಬ್ಯಾಡ್ರಿ. ರೆಪ್ಪೆ ಇಳಿದಿದ್ರೆ, ಒಂದು ಎರಡಾಗಿ ಕಂಡ್ರೆ, ಮೂಗಲ್ಲಿ ಬಾಯಲ್ಲಿ ಕಪ್ಪು ಇದ್ರೆ ಆವತ್ತೇ ಕಳಿಸ್ರಿ. ಇನ್ನೊಂದು, ಹತ್ತಿ. ಎರಡೂ ಕೆನ್ನೆಗೆ ಸೋಕಿಸಿ. ಒಂದು ಕಡೆ ಗೊತ್ತಾಗಲ್ಲ ಅಂದ್ರೆ...’

‘ಗುಣ ಆಗಿಲ್ಲ’ ಎಂದಳು ಅವಳು.

‘ಗುಣ ಆಗಿಲ್ಲ’ ಎಂದೆ.

ಮಡಿಲಲ್ಲಿದ್ದ ಹತ್ತಿಯಿಂದ ಚೂರು ಕಿತ್ತು ಹೊಸೆದಳು. ಬತ್ತಿ ಹೊಸೆದು ಪಳಗಿದ ಬೆರಳು, ನನ್ನ ಎಳೆಗಿಂತ ನಯವಾದ ಎಳೆ ಬಂತು. ‘ಹೆಂಗೆ ಹಚ್ಚಬೇಕು ಅಂತ ನಿಮ್ಮ ಮ್ಯಾಗೇ ನೋಡತೀನಿ. ಕಣ್ಣು ಮುಚ್ರಿ’ ಎಂದಳು.

ಮುಚ್ಚಿದೆ. ಅವಳು ನನ್ನ ಗದ್ದವನ್ನು ಅಂಗೈಯಲ್ಲಿ ಹಿಡಿದು ಮುಖ ಸ್ವಲ್ಪ ಎತ್ತಿದಳು. ಆ ಕೈ ಒರಟಾಗಿತ್ತು, ಬೆಚ್ಚಗಿತ್ತು. ಕೆನ್ನೆಯ ಮೇಲೆ ಹತ್ತಿ ನಿಧಾನವಾಗಿ ಹರಿಯಿತು. ಅವ್ವ ಹೋದ ಮೇಲೆ ನನ್ನ ಮುಖವನ್ನು ಯಾರೂ ಮುಟ್ಟಿರಲಿಲ್ಲ. ಅದು ನನಗೆ ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ.

‘ಗೊತ್ತಾತೇನ್ರಿ?’

ಹತ್ತಿ ಇನ್ನೂ ಹರಿಯಲಿ ಎಂದು ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಹತ್ತಿ ಅಲ್ಲೇ ನಿಂತಿತು.

‘ಯಾಕ್ರಿ ಡಾಕ್ಟ್ರಮ್ಮ, ಗೊತ್ತಾಗಲಿಲ್ಲೇನ್ರಿ?’ ಎಂದು ಹೆದರಿ ಕೇಳಿದಳು.

‘ಗೊತ್ತಾತು’ ಎಂದೆ. ‘ಇನ್ನೊಂದು ಕಡೆನೂ ಹಚ್ಚಿ ನೋಡ್ರಿ.’